ದುಡಿಯುವ ಸಮಾಜಕಾರ್ಯಕರ್ತರ ವ್ಯಾಸಂಗ: ಉನ್ನತ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಉನ್ನತ ಶಿಕ್ಷಣ ಸಚಿವರೂ ರಾಜ್ಯ ವಿಶ್ವವಿದ್ಯಾನಿಲಯಗಳ ಸಮಕುಲಾಧಿಪತಿಗಳೂ ಆದ ಸನ್ಮಾನ್ಯರಲ್ಲಿ ಸವಿನಯ ವಿಜ್ಞಾಪನೆ.

ಜನರ ಬಾಯಲ್ಲಿ ಎಂ.ಎಸ್.ಡಬ್ಲ್ಯೂ. ಎಂದೇ ರೂಢವಾಗಿರುವ ಸಮಾಜಕಾರ್ಯದ ಸ್ನಾತಕೋತ್ತರ ಪದವಿಯನ್ನು, ಈಗಾಗಲೇ ಆ ಕಾರ್ಯದಲ್ಲಿ ನಿರತರಾಗಿರುವವರು ತಮ್ಮ ಉದ್ಯೋಗವನ್ನು ತ್ಯಜಿಸದೆ ಮೂರು ನಾಲ್ಕು ವರ್ಷಗಳ ಅವಧಿಯಲ್ಲಿ ವ್ಯಾಸಂಗ ಮಾಡಿ ಪಡೆಯುವಂತೆ, ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಅರೆಕಾಲಿಕ ಕ್ರಮವೊಂದನ್ನು ಏರ್ಪಡಿಸಬೇಕೆಂಬುದು ಈ ಪತ್ರದ ಪ್ರಾರ್ಥನೆ. ತಮ್ಮ ಕಚೇರಿಗೆ ಅರ್ಜಿಯ ರೂಪದಲ್ಲಿ ಕಳುಹಿಸಬಹುದಾಗಿದ್ದ ಈ ಮಾತನ್ನು ಬಹಿರಂಗವಾಗಿ ಬರೆಯುವುದಕ್ಕೆ ಕಾರಣವುಂಟು: ಇದು ತಮ್ಮ ಇಲಾಖೆಯೊಂದರಿಂದಲೇ ಆಗತಕ್ಕ ಕೆಲಸವಲ್ಲ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ, ಆರೋಗ್ಯ, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗಳೂ, ವಿಶ್ವವಿದ್ಯಾನಿಲಯಗಳ ಸಿಂಡಿಕೇಟುಗಳೂ, ನನ್ನಂತೆ ಬಹುಕಾಲ ಈ ವಿಷಯವನ್ನು ಬೋಧಿಸಿದ ಅಧ್ಯಾಪಕ ವರ್ಗವೂ ಒಂದಾಗಿ ಆಲೋಚಿಸಿದಲ್ಲದೆ ಇದು ಕೈಗೂಡುವಂತಿಲ್ಲ.

ಯಾರ ಪರವಾಗಿ ಈ ಪ್ರಾರ್ಥನೆಯೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುವುದು ಉಚಿತ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕಾರ್ಯಕರ್ತರು, ಬಾಲಮಂದಿರದ ಆಪ್ತಸಮಾಲೋಚಕರು, ಸಾಂತ್ವನ ಕೇಂದ್ರಗಳಲ್ಲಿ ನೊಂದ ಹೆಂಗಸರ ಮಾತಿಗೆ ಕಿವಿಗೊಡುವ ಸಮಾಜ ಸೇವಕಿಯರು, ಗ್ರಾಮ ಪಂಚಾಯಿತಿಗಳಲ್ಲಿ ವಿಕಲಚೇತನರಿಗಾಗಿ ದುಡಿಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಆಸ್ಪತ್ರೆಯಲ್ಲಿ ಎಚ್.ಐ.ವಿ. ಪರೀಕ್ಷೆಗೆ ಬಂದವರನ್ನು ಕುಳ್ಳಿರಿಸಿ ಧೈರ್ಯ ಹೇಳುವ ಸಮಾಲೋಚಕರು, ವೃದ್ಧಾಶ್ರಮಗಳ ಮೇಲ್ವಿಚಾರಕರು, ಅಂಗನವಾಡಿ ಮೇಲ್ವಿಚಾರಕಿಯರು, ಇವರೆಲ್ಲರೂ ಸರ್ಕಾರದ ಕರುಣೆಯು ಜನರನ್ನು ಮುಟ್ಟುವ ಕೊನೆಯ ಕೈಗಳು. ಇವರಲ್ಲಿ ಬಹುಮಂದಿ ಬಿ.ಎ. ಅಥವಾ ಬಿ.ಎಸ್.ಡಬ್ಲ್ಯೂ. ಮಾಡಿದವರು, ಕೆಲವರು ಅಷ್ಟನ್ನೂ ಮಾಡಲಾರದೆ ಅನುಭವವೊಂದರಿಂದಲೇ ಬೆಳೆದವರು, ಅನೇಕರು ಗುತ್ತಿಗೆಯ ಅಥವಾ ಗೌರವಧನದ ಮೇಲೆ ನಿಂತವರು. ವರ್ಷಗಟ್ಟಲೆ ಒಂದೇ ಮೇಜಿನ ಮುಂದೆ ದುಡಿದು ಪರಿಣತರಾದವರೂ, ಮೇಲಿನ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕೆಂಬ ನಿಯಮದ ಮುಂದೆ ನಿಂತು, ತಾವೇ ಕೆಲಸ ಕಲಿಸಿದ ಕಿರಿಯರು ತಮ್ಮ ಮೇಲಧಿಕಾರಿಗಳಾಗಿ ಬರುವುದನ್ನು ನೋಡುತ್ತಿರುವುದುಂಟು.

ಇವರ ಕೆಲಸದ ಗುರುತ್ವವನ್ನು ತಿಳಿಯಲು ಒಂದೇ ಉದಾಹರಣೆ ಸಾಕು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಬಾಲಕನೊಬ್ಬನನ್ನು ಬಾಲನ್ಯಾಯ ಮಂಡಳಿಯ ಮುಂದೆ ಮೊದಲ ಸಲ ಹಾಜರುಪಡಿಸಿದ 15 ದಿನಗಳೊಳಗಾಗಿ, ಪರಿವೀಕ್ಷಣಾಧಿಕಾರಿಯೋ ಸಮಾಜ ಕಾರ್ಯಕರ್ತನೋ ಆ ಬಾಲಕನ ಸಾಮಾಜಿಕ ತನಿಖಾ ವರದಿಯನ್ನು ಒಪ್ಪಿಸತಕ್ಕದ್ದು. ಆ 15 ದಿನಗಳಲ್ಲಿ ಆತನು ಹುಡುಗನ ಮನೆಗೆ ಹೋಗಬೇಕು, ಕುಡಿತದ ತಂದೆಯನ್ನೂ ಕೂಲಿಯ ತಾಯಿಯನ್ನೂ ಮಾತನಾಡಿಸಬೇಕು, ಶಾಲೆ ಬಿಟ್ಟದ್ದು ಎಂದು, ಏತಕ್ಕೆ, ಯಾರ ಸಹವಾಸದಿಂದ ಎಂಬುದನ್ನು ವಿಚಾರಿಸಬೇಕು, ನೆರೆಹೊರೆಯವರ ಮಾತಿನಲ್ಲಿ ನಿಜವೆಷ್ಟು, ದ್ವೇಷವೆಷ್ಟು, ಜಾತಿಯ ತಾತ್ಸಾರವೆಷ್ಟು ಎಂಬುದನ್ನು ತೂಗಬೇಕು, ಕಡೆಗೆ ಇವೆಲ್ಲವನ್ನೂ ಮಂಡಳಿಯು ನೆಚ್ಚಬಹುದಾದ ಬರಹವಾಗಿ ರೂಪಿಸಬೇಕು. ಒಂದು ಮಗುವಿನ ಮುಂದಿನ ಬಾಳು ಯಾವ ಬರಹವನ್ನು ಆಧರಿಸಿ ನಿರ್ಣಯವಾಗುವುದೋ ಅದನ್ನು ಬರೆಯುವವನಿಗೆ ಮನಶ್ಶಾಸ್ತ್ರದ, ಸಮಾಜಶಾಸ್ತ್ರದ, ಕಾನೂನಿನ, ವ್ಯಕ್ತಿಗತ ಸಮಾಜಕಾರ್ಯದ ವಿಧಿವತ್ತಾದ ಶಿಕ್ಷಣ ಬೇಡವೆಂದು ಯಾರು ಹೇಳಿಯಾರು? ಬೇಕೆಂಬುದನ್ನು ಎಲ್ಲರೂ ಒಪ್ಪುವರು. ಅದು ದೊರೆಯುವ ಮಾರ್ಗ ಯಾವುದೆಂದು ಕೇಳಿದಾಗ ಮಾತ್ರ ಸಭೆ ಮೌನವಾಗುವುದು.

ಈಗಿರುವ ಮಾರ್ಗಗಳು ಎರಡು. ಮೊದಲನೆಯದು ಎರಡು ವರ್ಷಗಳ ಪೂರ್ಣಾವಧಿಯ ವ್ಯಾಸಂಗ. ವಾರದಲ್ಲಿ ಸಾಮಾನ್ಯವಾಗಿ ಎರಡು ದಿನ ಕ್ಷೇತ್ರಕಾರ್ಯ, ಉಳಿದ ದಿನಗಳಲ್ಲಿ ತರಗತಿ, ಜೊತೆಗೆ ಗ್ರಾಮೀಣ ಶಿಬಿರ, ಕಡೆಯಲ್ಲಿ ಒಂದೇ ಸಂಸ್ಥೆಯಲ್ಲಿ ವಾರಗಟ್ಟಲೆ ನಿಂತು ದುಡಿಯುವ ಬ್ಲಾಕ್ ಪ್ಲೇಸ್‌ಮೆಂಟ್, ಇವೆಲ್ಲಕ್ಕೂ ಹಾಜರಾತಿಯ ಕಟ್ಟುಪಾಡು. ಮನೆಯಿಂದ ಹಣ ಬರುವ ಇಪ್ಪತ್ತೆರಡರ ತರುಣನಿಗೆ ಇದು ಯುಕ್ತವಾದ ವ್ಯವಸ್ಥೆಯೇ ಸರಿ. ಆದರೆ ಗುತ್ತಿಗೆಯ ಮೇಲಿರುವ, ವ್ಯಾಸಂಗ ರಜೆಯೆಂಬುದರ ಹೆಸರನ್ನೇ ಕೇಳದಿರುವ, ಸಂಬಳ ನಿಂತರೆ ಮನೆಯ ಒಲೆಯೇ ನಿಲ್ಲುವ ಮೂವತ್ತೈದರ ಗೃಹಿಣಿಗೆ ಇದು ಉದ್ಯೋಗಕ್ಕೆ ರಾಜೀನಾಮೆ ಕೊಡು ಎಂದು ಹೇಳಿದುದಕ್ಕೆ ಸಮಾನ. ಎರಡನೆಯದು ದೂರಶಿಕ್ಷಣ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಈ ಪದವಿಯನ್ನು ದೂರಶಿಕ್ಷಣದ ಮೂಲಕ ನೀಡುತ್ತಿರುವುದನ್ನೂ, ಅದರಿಂದ ಎಷ್ಟೋ ಮಂದಿ ಶ್ರದ್ಧಾವಂತರು ಮೇಲೆ ಬಂದಿರುವುದನ್ನೂ ನಾನು ಗೌರವದಿಂದಲೇ ನೆನೆಯುತ್ತೇನೆ. ಆದರೂ ಈ ವಿದ್ಯೆಯ ಜೀವಾಳವು ಪಾಠದ ಹೊತ್ತಗೆಗಳಲ್ಲಿಲ್ಲ. ವಿದ್ಯಾರ್ಥಿಯು ತಾನು ಕಂಡ ಕುಟುಂಬದ ವೃತ್ತಾಂತವನ್ನು ಬರೆದು ತಂದಾಗ, ಮೇಲ್ವಿಚಾರಕನು ಅದನ್ನು ಎದುರಿಗೇ ಓದಿ, ನೀವು ಈ ತಾಯಿಯನ್ನು ಈ ಪ್ರಶ್ನೆ ಏಕೆ ಕೇಳಿದಿರಿ, ಆಕೆ ಅತ್ತಾಗ ನೀವು ಮಾತು ತಿರುಗಿಸಿದ್ದು ಆಕೆಗಾಗಿಯೋ ನಿಮ್ಮ ಸಂಕೋಚಕ್ಕಾಗಿಯೋ ಎಂದು ವಿಚಾರಿಸುವ ಆ ವಾರದ ಸಮಾಲೋಚನೆಯಲ್ಲಿದೆ. ಅಂಚೆಯಲ್ಲಿ ಬರುವ ಪಾಠಕ್ಕಾಗಲಿ ಪರದೆಯ ಮೇಲಿನ ಉಪನ್ಯಾಸಕ್ಕಾಗಲಿ ಆ ಸಾಮೀಪ್ಯ ಸುಲಭವಾಗಿ ಒದಗದು.

ಈ ವಿದ್ಯೆಯು ನಮ್ಮ ದೇಶದಲ್ಲಿ ಬೆಳೆದ ಬಗೆಯನ್ನು ನೆನೆದರೆ ಇಂದಿನ ತೊಡಕಿನ ಮೂಲ ತಿಳಿಯುತ್ತದೆ. 1936ರಲ್ಲಿ ಮುಂಬಯಿಯಲ್ಲಿ ಸರ್ ದೋರಾಬ್ಜಿ ಟಾಟಾ ಅವರ ಹೆಸರಿನ ಸಮಾಜಕಾರ್ಯ ಶಾಲೆ ಸ್ಥಾಪಿತವಾದಾಗಲೂ, 1946ರಲ್ಲಿ ಅದೇ ನಗರದ ಜೆ.ಜೆ. ಆಸ್ಪತ್ರೆಯಲ್ಲಿ ವೈದ್ಯಕೀಯ ಸಮಾಜ ಕಾರ್ಯಕರ್ತರ ನೇಮಕವಾದಾಗಲೂ, 1960ರಲ್ಲಿ ಮಂಗಳೂರಿನ ರೋಶನಿ ನಿಲಯವು ನಮ್ಮ ನಾಡಿನಲ್ಲಿ ಈ ಶಿಕ್ಷಣಕ್ಕೆ ನೆಲೆ ಕಲ್ಪಿಸಿದಾಗಲೂ ಸಮಾಜ ಸೇವೆಯು ಬಹುಮಟ್ಟಿಗೆ ದಾನಿಗಳ, ಮಿಷನರಿಗಳ, ಸುಧಾರಕರ ಕಾರ್ಯವಾಗಿತ್ತು. ಅದಕ್ಕೊಂದು ಶಾಸ್ತ್ರದ ಶಿಸ್ತನ್ನು ತರಬಲ್ಲ ತರುಣ ಪದವೀಧರರನ್ನು ಮೊದಲು ತಯಾರಿಸಿ ಆಮೇಲೆ ಕ್ಷೇತ್ರಕ್ಕೆ ಕಳುಹಿಸುವುದೇ ಅಂದಿನ ಅಗತ್ಯ. 1975ರಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ನಮ್ಮ ಟಿ. ನರಸೀಪುರವೂ ಸೇರಿದಂತೆ 33 ಕಡೆ ಆರಂಭವಾದಂದಿನಿಂದ ಚಿತ್ರವೇ ಬದಲಾಯಿತು. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ಸಂಸ್ಥೆಯು 1980ರ ದಶಕದಲ್ಲಿ ನಡೆಸಿದ ಪ್ರಯೋಗವು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹರಡಿತು. ಮಕ್ಕಳ ರಕ್ಷಣೆಗೆ, ಹಿರಿಯರ ಪೋಷಣೆಗೆ, ಕೌಟುಂಬಿಕ ದೌರ್ಜನ್ಯದ ತಡೆಗೆ ಒಂದರ ಹಿಂದೊಂದು ಕಾಯ್ದೆಗಳು ಬಂದವು. ಪ್ರತಿಯೊಂದು ಕಾಯ್ದೆಯೂ ಕಾರ್ಯಕರ್ತರನ್ನು ಬೇಡಿತು. ಸರ್ಕಾರವು ಸಿಕ್ಕವರನ್ನು ನೇಮಿಸಿತು. ಹೀಗೆ, ಮೊದಲು ಕಲಿಕೆ ಆಮೇಲೆ ಕಾರ್ಯ ಎಂಬ ಕ್ರಮವು ತಿರುಗುಮುರುಗಾಗಿ, ಕಾರ್ಯಕ್ಕಿಳಿದವರೇ ಕಲಿಕೆಗಾಗಿ ಕಾಯುವಂತಾಯಿತು. ನಮ್ಮ ವಿಶ್ವವಿದ್ಯಾನಿಲಯಗಳ ವೇಳಾಪಟ್ಟಿಯಾದರೋ ಇನ್ನೂ ಹಳೆಯ ಕ್ರಮವನ್ನೇ ಹಿಡಿದು ನಿಂತಿದೆ.

ಅರೆಕಾಲಿಕ ವ್ಯಾಸಂಗವೆಂಬುದು ನಮ್ಮಲ್ಲಿ ಅಪೂರ್ವವಾದ ಕಲ್ಪನೆಯೇನೂ ಅಲ್ಲ. ಬೆಂಗಳೂರಿನ ಸಂಜೆ ಕಾಲೇಜುಗಳಲ್ಲಿ ಹಗಲೆಲ್ಲ ಗುಮಾಸ್ತಗಿರಿ ಮಾಡಿ ರಾತ್ರಿ ಓದಿ ಪದವೀಧರರಾದವರ ಪೀಳಿಗೆಗಳೇ ಉಂಟು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಉದ್ಯೋಗಸ್ಥರಿಗೆ ಅನುಕೂಲವಾದ ವೇಳೆಯಲ್ಲಿ ಎಂಜಿನಿಯರಿಂಗ್ ಬೋಧಿಸಲು ಈಚೆಗೆ ಅವಕಾಶವಿತ್ತಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2022ರ ನಿಯಮಾವಳಿಯು ಉದ್ಯೋಗದಾತರ ನಿರಾಕ್ಷೇಪಣಾ ಪತ್ರವಿದ್ದಲ್ಲಿ ಪಿಎಚ್.ಡಿ. ಪದವಿಯನ್ನೂ ಅರೆಕಾಲಿಕವಾಗಿ ಮಾಡಬಹುದೆಂದು ವಿಧಿಸಿದೆ. ಇದರಿಂದ ಒದಗಿರುವ ವಿಚಿತ್ರವನ್ನು ಸನ್ಮಾನ್ಯರು ಪರಾಂಬರಿಸಬೇಕು: ಸಮಾಜಕಾರ್ಯದಲ್ಲಿ ತುತ್ತತುದಿಯ ಪದವಿಯನ್ನು ಉದ್ಯೋಗದಲ್ಲಿದ್ದುಕೊಂಡೇ ಗಳಿಸಬಹುದು, ಅದಕ್ಕೆ ಏರಬೇಕಾದ ನಡುವಣ ಮೆಟ್ಟಿಲಿಗೆ ಮಾತ್ರ, ದೂರಶಿಕ್ಷಣವನ್ನು ಹೊರತುಪಡಿಸಿದರೆ, ಉದ್ಯೋಗವನ್ನು ಬಿಟ್ಟು ಬರಬೇಕು.

ಮಟ್ಟವು ಕುಸಿದೀತೆಂಬ ಆಕ್ಷೇಪಣೆಯನ್ನು ನಾನು ಲಘುವಾಗಿ ಕಾಣುವವನಲ್ಲ. ಕೆಲವು ವೃತ್ತಿಗಳಲ್ಲಿ ಪೂರ್ಣಾವಧಿಯ ಅಭ್ಯಾಸವೇ ವಿಹಿತವೆಂಬುದನ್ನು ಒಪ್ಪುತ್ತೇನೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯು ಮನೋವೈದ್ಯಕೀಯ ಸಮಾಜ ಕಾರ್ಯಕರ್ತನಿಗೆ ಎಂ.ಎಸ್.ಡಬ್ಲ್ಯೂ. ಆದ ಮೇಲೆ ಎರಡು ವರ್ಷಗಳ ಪೂರ್ಣಾವಧಿಯ ಎಂ.ಫಿಲ್. ಅಭ್ಯಾಸವನ್ನು ವಿಧಿಸಿರುವುದು ರೋಗಿಯ ಹಿತದೃಷ್ಟಿಯಿಂದ ಸಮಂಜಸವೇ ಆಗಿದೆ. ಆದರೆ ಎಂ.ಎಸ್.ಡಬ್ಲ್ಯೂ. ಪದವಿಯ ಮಟ್ಟವು ನಿಂತಿರುವುದು ಬೋಧನೆಯ ಗಂಟೆಗಳ ಮೊತ್ತದ ಮೇಲೆ, ಕ್ಷೇತ್ರಕಾರ್ಯದ ಗಾಢತೆಯ ಮೇಲೆ, ಮೇಲ್ವಿಚಾರಣೆಯ ಪ್ರಾಮಾಣಿಕತೆಯ ಮೇಲೆ; ಆ ಗಂಟೆಗಳು ಎರಡು ವರ್ಷಗಳಲ್ಲಿ ಮುಗಿದುವೋ ನಾಲ್ಕು ವರ್ಷಗಳಲ್ಲಿ ಮುಗಿದುವೋ ಎಂಬುದರ ಮೇಲಲ್ಲ. ಆದುದರಿಂದ ಕ್ರೆಡಿಟ್‌ಗಳಲ್ಲಿ ಒಂದನ್ನೂ ಕಡಿಮೆ ಮಾಡಬೇಡಿರೆಂದೂ, ಪರೀಕ್ಷೆಯನ್ನು ಸಡಿಲಿಸಬೇಡಿರೆಂದೂ ಮೊದಲೇ ಬೇಡಿಕೊಳ್ಳುತ್ತೇನೆ. ಅಗ್ಗದ ಪದವಿಯು ಕೊಟ್ಟವರಿಗೂ ಕೊಂಡವರಿಗೂ ಗೌರವ ತರದು.

ನಿಜವಾದ ಕಠಿನ ಪ್ರಶ್ನೆ ಬೇರೊಂದಿದೆ. ದುಡಿಯುವವನ ಉದ್ಯೋಗವನ್ನೇ ಅವನ ಕ್ಷೇತ್ರಕಾರ್ಯವೆಂದು ಎಣಿಸಬಹುದೇ? ಪೂರ್ಣವಾಗಿ ಎಣಿಸಿದರೆ ಅಪಾಯವುಂಟು: ತನ್ನ ಕಚೇರಿಯ ರೂಢಿಯೇ ಶಾಸ್ತ್ರವೆಂದು ಆತನು ಭ್ರಮಿಸಿಯಾನು, ತನ್ನ ಮೇಲಧಿಕಾರಿಯ ತಪ್ಪನ್ನು ವಿಮರ್ಶಿಸಿ ವರದಿ ಬರೆಯಲು ಅಂಜಿಯಾನು, ನಂಬಿ ಬಂದವರ ಗುಟ್ಟುಗಳು ತರಗತಿಯ ಚರ್ಚೆಗೆ ವಸ್ತುವಾದಾವು. ಸಂಪೂರ್ಣವಾಗಿ ತಳ್ಳಿಹಾಕಿದರೆ, ಹತ್ತು ವರ್ಷ ಬಾಲಮಂದಿರದಲ್ಲಿ ಮಕ್ಕಳೊಡನೆ ಕಳೆದವಳನ್ನು ಏನೂ ಅರಿಯದವಳಂತೆ ಮೊದಲಿನಿಂದ ನಡೆಸಿದಂತಾಗುವುದು. ಮಧ್ಯಮ ಮಾರ್ಗವೇ ಇಲ್ಲಿ ಶ್ರೇಯಸ್ಕರ. ಕ್ಷೇತ್ರಕಾರ್ಯದ ಅರ್ಧದಷ್ಟು ಸ್ವಸ್ಥಾನದಲ್ಲಿ ನಡೆಯಲಿ, ಆದರೆ ಮೇಲ್ವಿಚಾರಣೆಯು ಮೇಲಧಿಕಾರಿಯದಾಗದೆ ವಿಶ್ವವಿದ್ಯಾನಿಲಯದ್ದಾಗಿರಲಿ. ಉಳಿದರ್ಧ ಅಪರಿಚಿತವಾದ ನೆಲೆಯಲ್ಲಿ ನಡೆಯಲಿ. ಮಕ್ಕಳ ರಕ್ಷಣೆಯಲ್ಲಿರುವವನು ಆಸ್ಪತ್ರೆಯ ವಾರ್ಡುಗಳನ್ನು ಕಾಣಲಿ. ಆಸ್ಪತ್ರೆಯವಳು ಗಿರಿಜನರ ಹಾಡಿಗೋ ಕೊಳೆಗೇರಿಗೋ ಹೋಗಿ ಸಮುದಾಯ ಸಂಘಟನೆಯ ಪಾಡನ್ನು ತಿಳಿಯಲಿ. ವರದಿಗಳಲ್ಲಿ ಹೆಸರು, ಊರು, ಗುರುತುಗಳನ್ನು ಮರೆಮಾಡುವ ಶಿಸ್ತನ್ನು ಮೊದಲ ದಿನದಿಂದಲೇ ಕಲಿಸತಕ್ಕದ್ದು.

ಭಾಷೆಯ ವಿಷಯವನ್ನು ಹೇಳದೆ ಬಿಡಲಾರೆ. ಈ ಕಾರ್ಯಕರ್ತರು ಬಾಲನ್ಯಾಯ ಮಂಡಳಿಗೆ, ಮಕ್ಕಳ ಕಲ್ಯಾಣ ಸಮಿತಿಗೆ, ತಹಸೀಲ್ದಾರರಿಗೆ ಬರೆಯುವುದು ಕನ್ನಡದಲ್ಲಿ. ನೊಂದವರೊಡನೆ ಆಡುವುದು ಕನ್ನಡದ ಹತ್ತಾರು ಬಗೆಗಳಲ್ಲಿ, ತುಳುವಿನಲ್ಲಿ, ಉರ್ದುವಿನಲ್ಲಿ, ತಾಂಡಾಗಳ ಲಂಬಾಣಿ ನುಡಿಯಲ್ಲಿ. ಅವರು ಓದಬೇಕಾದ ಗ್ರಂಥಗಳಾದರೋ ಬಹುಪಾಲು ಇಂಗ್ಲಿಷಿನಲ್ಲಿ, ಅದೂ ಅಮೆರಿಕದ ನಗರಗಳ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದವು. ಅರೆಕಾಲಿಕ ವಿದ್ಯಾರ್ಥಿಗಳು ತಮ್ಮೊಡನೆ ತರುವ ಅತಿ ದೊಡ್ಡ ಸಂಪತ್ತು ಈ ನಾಡಿನ ಸಂಸಾರಗಳ ಪ್ರತ್ಯಕ್ಷ ಜ್ಞಾನ. ಅವರು ಕನ್ನಡದಲ್ಲಿ ಬರೆಯುವ ಪ್ರಕರಣ ಅಧ್ಯಯನಗಳನ್ನು ವರ್ಷವರ್ಷವೂ ಆರಿಸಿ ಸಂಪಾದಿಸಿದರೆ, ಇಷ್ಟು ದಿನ ನಮಗಿಲ್ಲದ ಪಠ್ಯಸಾಮಗ್ರಿಯೊಂದು ತಾನಾಗಿ ಸಿದ್ಧವಾಗುವುದು. ಪೂರ್ಣಾವಧಿಯ ತರುಣರಿಗೂ ಅದರಿಂದ ಲಾಭವುಂಟು. ಕಲಿಯಬಂದವರೇ ಕಲಿಸುವವರಿಗೆ ಕಲಿಸುವ ಈ ಯೋಗವು ಬೇರೆ ವಿಷಯಗಳ ಅಧ್ಯಾಪಕರಿಗೆ ದುರ್ಲಭ.

ಹೊರದೇಶದ ನಿದರ್ಶನ ಬೇಕಾದಲ್ಲಿ ಇಂಗ್ಲೆಂಡನ್ನು ನೋಡಬಹುದು. ಅಲ್ಲಿ ಸಮಾಜ ಕಾರ್ಯಕರ್ತನೆಂಬ ವೃತ್ತಿನಾಮಕ್ಕೆ 2005ರಿಂದ ಕಾನೂನಿನ ರಕ್ಷಣೆಯಿದೆ. ನೋಂದಣಿಯುಳ್ಳವರು ವರ್ಷವರ್ಷವೂ ತಾವು ಮುಂದುವರಿಸಿದ ಕಲಿಕೆಯ ದಾಖಲೆಯನ್ನು ನಿಯಂತ್ರಣ ಸಂಸ್ಥೆಗೆ ಒಪ್ಪಿಸಬೇಕು. ಉದ್ಯೋಗದಲ್ಲಿರುವವರಿಗಾಗಿ ವಿಶ್ವವಿದ್ಯಾನಿಲಯಗಳು ಅರೆಕಾಲಿಕ ಸ್ನಾತಕೋತ್ತರ ಶಿಕ್ಷಣವನ್ನು ನಡೆಸುತ್ತವೆ. ಅಲ್ಲಿಯ ಕ್ರಮವನ್ನು ಹಾಗೆಯೇ ತಂದಿಡಬೇಕೆಂದು ನನ್ನ ಅಭಿಪ್ರಾಯವಲ್ಲ. ವೃತ್ತಿಗೆ ಸೇರಿದ ಮಾತ್ರಕ್ಕೆ ಕಲಿಕೆ ಮುಗಿಯಿತೆಂದು ಅವರು ತಿಳಿದಿಲ್ಲವೆಂಬುದಷ್ಟೇ ಗಮನಾರ್ಹ. ನಮ್ಮಲ್ಲಿಯೂ 2021ರ ಸಹಾಯಕ ಹಾಗೂ ಆರೋಗ್ಯಪಾಲನಾ ವೃತ್ತಿಗಳ ಕಾಯ್ದೆಯು ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನು ತನ್ನ ಅನುಸೂಚಿಯಲ್ಲಿ ಹೆಸರಿಸಿದೆ. ನಿಯಂತ್ರಣವು ಬಿಗಿಯಾಗುತ್ತ ಬಂದಂತೆ, ಪದವಿಯಿಲ್ಲದ ಅನುಭವಿಗಳು ಹೊರಗುಳಿಯುವ ಭಯವೂ ಹೆಚ್ಚುವುದರಿಂದ, ಅವರಿಗೆ ದಾರಿ ತೆರೆಯುವ ಕಾರ್ಯ ಇನ್ನು ವಿಳಂಬಕ್ಕೆ ತಕ್ಕುದಲ್ಲ.

ಆದುದರಿಂದ ಸನ್ಮಾನ್ಯರಲ್ಲಿ ನನ್ನ ನಿರ್ದಿಷ್ಟವಾದ ಬೇಡಿಕೆಗಳು ಇವು. ಮೈಸೂರು, ಧಾರವಾಡ, ಕಲಬುರಗಿಗಳಲ್ಲಿ ಒಂದೊಂದು ವಿಶ್ವವಿದ್ಯಾನಿಲಯವು ಪ್ರಯೋಗಾರ್ಥವಾಗಿ, ಸೇವಾನುಭವವುಳ್ಳ ಪದವೀಧರರಿಗಾಗಿಯೇ ಮೀಸಲಾದ ಅರೆಕಾಲಿಕ ಎಂ.ಎಸ್.ಡಬ್ಲ್ಯೂ. ತಂಡವನ್ನು ಆರಂಭಿಸಲಿ. ತರಗತಿಗಳು ಎರಡನೆಯ ಹಾಗೂ ನಾಲ್ಕನೆಯ ಶನಿವಾರಗಳಲ್ಲಿಯೂ ಭಾನುವಾರಗಳಲ್ಲಿಯೂ, ಸಾಧ್ಯವಾದಲ್ಲಿ ಜಿಲ್ಲಾ ಕೇಂದ್ರದಲ್ಲಿಯೇ ನಡೆಯಲಿ. ಹೆರಿಗೆ, ವರ್ಗಾವಣೆ, ಮನೆಯ ಆಪತ್ತುಗಳಿಂದ ಓದು ನಿಂತವರು ಗಳಿಸಿದ ಕ್ರೆಡಿಟ್‌ಗಳನ್ನು ಉಳಿಸಿಕೊಂಡು ಮರಳುವ ಅವಕಾಶವಿರಲಿ. ನೇಮಕ ಮಾಡಿಕೊಂಡಿರುವ ಇಲಾಖೆಗಳು, ಗುತ್ತಿಗೆಯವರೂ ಸೇರಿದಂತೆ ಎಲ್ಲ ವಿದ್ಯಾರ್ಥಿಗಳಿಗೆ, ಪರಸ್ಥಳದ ಕ್ಷೇತ್ರಕಾರ್ಯದ ದಿನಗಳನ್ನು ಕರ್ತವ್ಯದ ದಿನಗಳೆಂದೇ ಪರಿಗಣಿಸಿ, ಶುಲ್ಕದಲ್ಲಿ ಒಂದು ಪಾಲನ್ನು ಭರಿಸಲಿ. ಮೇಲ್ವಿಚಾರಣೆಗೆ ಅತಿಥಿ ಉಪನ್ಯಾಸಕರನ್ನಷ್ಟೇ ನೆಚ್ಚದೆ ಖಾಯಂ ಅಧ್ಯಾಪಕರ ಹುದ್ದೆಗಳನ್ನು ತುಂಬಲಿ. ಈ ಕಡೆಯ ಮಾತು ನೆರವೇರದಿದ್ದಲ್ಲಿ ಉಳಿದೆಲ್ಲವೂ ಕಾಗದದ ಮೇಲಿನ ಏರ್ಪಾಡಾಗಿ ಉಳಿಯುವುದೆಂಬುದನ್ನು ಅಧ್ಯಾಪಕನಾಗಿದ್ದ ನಾನು ಬಲ್ಲೆ.

ಮುಂದಿನ ಶೈಕ್ಷಣಿಕ ವರ್ಷದ ಪ್ರವೇಶ ಪ್ರಕಟಣೆ ಹೊರಡುವ ಮೊದಲು ಸಂಬಂಧಪಟ್ಟ ಇಲಾಖೆಗಳ ಕಾರ್ಯದರ್ಶಿಗಳನ್ನೂ ಕುಲಪತಿಗಳನ್ನೂ ಒಂದೆಡೆ ಕೂಡಿಸಿ ಈ ವಿಷಯವನ್ನು ಚರ್ಚೆಗೆ ತರುವುದು ತಮ್ಮ ಅಧಿಕಾರದಲ್ಲಿದೆ. ಆ ಸಭೆಗೆ ಅಧಿಕಾರಿಗಳ ಜೊತೆಗೆ ಬಾಲಮಂದಿರದ ಒಬ್ಬ ಸಮಾಲೋಚಕಿಯನ್ನೂ ಒಬ್ಬ ಪುನರ್ವಸತಿ ಕಾರ್ಯಕರ್ತನನ್ನೂ ಕರೆಯಿಸಬೇಕೆಂದೂ, ವೇಳಾಪಟ್ಟಿ ಹೇಗಿರಬೇಕೆಂಬುದನ್ನು ಅವರಿಂದಲೇ ಕೇಳಿ ತಿಳಿಯಬೇಕೆಂದೂ ಪ್ರಾರ್ಥಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸಮಾಜಕಾರ್ಯದ ನಿವೃತ್ತ ಅಧ್ಯಾಪಕ