ಒಂದ ಲೈಸೆನ್ಸಿಗೆ ಎರಡ್ ಸಲ ರೊಕ್ಕ ಯಾಕ?

ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಿದ ಸ್ವಲ್ಪ ದಿನಕ್ಕ ಪರದೆಯ ಬಲಗಡೆ ಕೆಳಗಿನ ಮೂಲಿಯೊಳಗ 'ಆಕ್ಟಿವೇಟ್ ವಿಂಡೋಸ್' ಅಂತ ಮಸುಕು ಅಕ್ಷರ ಮೂಡಿದ್ರ, ನಮ್ಮ ಮನಿಗಳೊಳಗ ಎಲ್ಲಾರೂ ಮಾಡೋದು ಒಂದ. ಮಷೀನ್ ಚೀಲಕ್ಕ ಹಾಕ್ಕೊಂಡು ಅಂಗಡಿಗೆ ಓಡೋದು, ಅವ ಕೇಳಿದಷ್ಟು ಕೊಟ್ಟು ಬರೋದು. ನಾ ಹೇಳೋದಿಷ್ಟ: ಕಂಪನಿ ಲ್ಯಾಪ್‌ಟಾಪ್ ವಿಂಡೋಸ್ ಸಮೇತ ತಗೊಂಡಿದ್ರ, ಆ ಲೈಸೆನ್ಸಿನ ರೊಕ್ಕ ನೀವು ಖರೀದಿ ಮಾಡಿದ ದಿನಾನ ಕೊಟ್ಟೀರಿ. ಮತ್ತೊಮ್ಮೆ ಕೊಡಬ್ಯಾಡ್ರಿ.

ಮೊದಲು ಗಾಬರಿ ಬಿಡ್ರಿ. ಆ ಅಕ್ಷರ ಬಂದ್ರ ಮಷೀನ್ ಸಾಯಂಗಿಲ್ಲ. ಟೈಪ್ ಮಾಡೋದು, ಪ್ರಿಂಟ್, ನೆಟ್ ಎಲ್ಲಾ ನಡೀತೈತಿ. ವಾಲ್‌ಪೇಪರ್, ಬಣ್ಣ ಬದಲು ಮಾಡಾಕ ಬಿಡಂಗಿಲ್ಲ, ಅಷ್ಟ. ಸರಿ ಮಾಡಿಸಬೇಕು ಖರೆ, ಆದ್ರ ಒಲಿ ಮ್ಯಾಲಿನ ಹಾಲು ಬಿಟ್ಟು ಓಡೋ ಅಷ್ಟು ಅವಸರ ಇಲ್ಲ.

ಹಿಂದಕ್ಕ ಲ್ಯಾಪ್‌ಟಾಪಿನ ತಳಕ್ಕ 25 ಅಕ್ಷರ-ಅಂಕಿಯ ಚೀಟಿ ಅಂಟಿಸಿರತಿದ್ರು. 2012ರಾಗ ವಿಂಡೋಸ್ 8 ಬಂದ ಮ್ಯಾಲೆ ಕಂಪನಿಯವರು ಆ ಕೀಯನ್ನ ಮದರ್‌ಬೋರ್ಡಿನ ಚಿಪ್ಪಿನೊಳಗ ಹಾಕಾಕ ಶುರು ಮಾಡಿದ್ರು. ಹಂಗಾಗಿ ಹಾರ್ಡ್ ಡಿಸ್ಕ್ ಪೂರ್ತಿ ಅಳಿಸಿದ್ರೂ ಲೈಸೆನ್ಸ್ ಹೋಗಂಗಿಲ್ಲ. ವಿಂಡೋಸ್ ಹೊಸದಾಗಿ ಹಾಕಿ ನೆಟ್ ಕೊಟ್ರ ತಾನ ಓದ್ಕೊಂಡು ಆಕ್ಟಿವೇಟ್ ಆಗತೈತಿ. ಒಂದ ಕರಾರು, ಮೊದಲಿದ್ದ ನಮೂನಿನ ಹಾಕಬೇಕು. ನಮ್ಮ ಕಡೆ ಮನಿಗೆ ಬರೋ ಲ್ಯಾಪ್‌ಟಾಪಿನಾಗ ಬಾಳ ಸಲ ಇರೋದು 'ಹೋಮ್ ಸಿಂಗಲ್ ಲಾಂಗ್ವೇಜ್'. ರಿಪೇರಿ ಹುಡುಗ ಒಂದ ಪೆನ್ ಡ್ರೈವ್ ಇಟ್ಕೊಂಡು ಬಂದವರಿಗೆಲ್ಲಾ 'ಪ್ರೋ' ಹಾಕಿಬಿಡ್ತಾನ. ನಮ್ಮ ಮನಿ ಕೀಲಿಕೈ ಪಕ್ಕದ ಮನಿ ಬೀಗಕ್ಕ ಹತ್ತತೈತೇನ್ರಿ? ಹತ್ತಂಗಿಲ್ಲ. ಆಗ ಅವ ಕಳ್ಳ ದಾರಿ ಹಿಡೀತಾನ.

ಸಿರುಗುಪ್ಪದಾಗ ನಮ್ಮ ತಂಗಿಗೆ ಆಗಿದ್ದು ಇದ. 800 ರೂಪಾಯಿ ಕೊಟ್ಟು 'ಒರಿಜಿನಲ್' ಮಾಡಿಸಿಕೊಂಡು ಬಂದ್ಲು. ಆರು ತಿಂಗಳಿಗೆ ಮತ್ತ ಅದ ಅಕ್ಷರ, ಮತ್ತ 800. ಎರಡನೇ ಸಲ ಮಾಡಿಸಿಕೊಂಡು ಬಂದ ಮ್ಯಾಲೆ ನಾ ಹೋಗಿ ಸೆಟ್ಟಿಂಗ್ಸ್, ಸಿಸ್ಟಮ್, ಆಕ್ಟಿವೇಶನ್ ತೆಗೆದು ನೋಡಿದೆ (ವಿಂಡೋಸ್ 10ರಾಗ ಇದು ಅಪ್‌ಡೇಟ್ ಅಂಡ್ ಸೆಕ್ಯೂರಿಟಿ ಒಳಗ ಇರತೈತಿ). 'ಆಕ್ಟಿವೇಟೆಡ್ ಯೂಸಿಂಗ್ ಯುವರ್ ಆರ್ಗನೈಸೇಶನ್ಸ್ ಆಕ್ಟಿವೇಶನ್ ಸರ್ವಿಸ್' ಅಂತ ಇತ್ತು. ಅಂದ್ರ ನಿಮ್ಮ ಸಂಸ್ಥೆ ಕಡಿಯಿಂದ ಆಕ್ಟಿವೇಟ್ ಆಗೇತಿ ಅಂತ. ಅಕಿ ಮನ್ಯಾಗ ಇರೋರು ಅಕಿ, ಅಕಿ ಗಂಡ, ಇಬ್ರು ಮಕ್ಕಳು, ಎರಡು ಎಮ್ಮಿ. ಯಾವ ಸಂಸ್ಥೆ ಯವ್ವಾ ಇದು?

ದೊಡ್ಡ ಆಫೀಸು, ಕಾಲೇಜುಗಳಿಗೆ ತಮ್ಮದ ಒಂದು ಸರ್ವರ್ ಇರತೈತಿ. ಅಲ್ಲಿ ಕಂಪ್ಯೂಟರ್‌ಗಳು ಅದರ ಹತ್ರ ಹೋಗಿ ಹಾಜರಿ ಹಾಕಿ ಬರತಾವ. ಒಂದ್ ಸಲದ ಹಾಜರಿಗೆ 180 ದಿನ ಆಯುಷ್ಯ. ಅಂಗಡಿಯವನ ಕ್ರ್ಯಾಕ್ ಅಂಥಾ ಸರ್ವರಿನ ವೇಷ ಹಾಕತೈತಿ. ವೇಷ ಕಳಚಿದ ಮ್ಯಾಲೆ ಹಾಜರಿ ನವೀಕರಣ ಆಗಂಗಿಲ್ಲ, ಅವಧಿ ಮುಗಿದ ಕೂಡ್ಲೆ ಅಕ್ಷರ ಬರತೈತಿ.

"ಎಲ್ಲಾರೂ ಹಂಗ ಹಾಕಿಸ್ತಾರಕ್ಕ, ನಮ್ಮನ್ನ ಯಾರು ಹಿಡೀತಾರ" ಅಂದ್ಲು ತಂಗಿ. ನನಗ ಪೊಲೀಸರ ಚಿಂತಿ ಅಲ್ಲ. ಕ್ರ್ಯಾಕ್ ಹಾಕಾಕ ಆ ಹುಡುಗ ಆಂಟಿವೈರಸ್ ಬಂದ್ ಮಾಡಿದ್ದ, ಹಂಗ ಬಿಟ್ಟಿದ್ದ. ಅದ ಮಷೀನಿನಾಗ ಅಕಿ ಬ್ಯಾಂಕ್ ಪಾಸ್‌ವರ್ಡ್, ಎಲ್ಲಾರ ಆಧಾರ್, ಹೊಲದ ಪಹಣಿ, ಮಗಳ ಮಾರ್ಕ್ಸ್ ಕಾರ್ಡ್. ಯಾರು ಬರದಾರೋ ಗೊತ್ತಿಲ್ಲದ ಪ್ರೋಗ್ರಾಮಿಗೆ ತಲಬಾಗಿಲು ತೆಗೆದಿಟ್ಟು, ಕಾವಲ ನಾಯಿನೂ ಕಟ್ಟಿ ಹಾಕಿದಂಗಾತು. ಅದಕ್ಕ ನಾವ ರೊಕ್ಕ ಬ್ಯಾರೆ ಕೊಡಬೇಕು.

ಫೋಟೋ, ಕಾಗದ ಎಲ್ಲಾ ಬ್ಯಾರೆ ಕಡೆ ಇಟ್ಕೊಂಡು, ಮೈಕ್ರೋಸಾಫ್ಟಿನ ಸ್ವಂತ ತಾಣದಿಂದ ವಿಂಡೋಸ್ ಪುಕ್ಕಟೆ ಇಳಿಸಿ, 8 ಜಿಬಿ ಪೆನ್ ಡ್ರೈವಿಗೆ ಹಾಕಿ, ಹೋಮ್ ಸಿಂಗಲ್ ಲಾಂಗ್ವೇಜನ್ನ ಹೊಸದಾಗಿ ಕೂಡಿಸಿದ್ವಿ. ಕೀ ಕೇಳಲಿಲ್ಲ. ವೈಫೈ ಕೊಟ್ಟ ಸ್ವಲ್ಪ ಹೊತ್ತಿಗೆ ಆಕ್ಟಿವೇಟ್ ಆತು. ಖರ್ಚು ಅಂದ್ರ ಒಂದು ಭಾನುವಾರ.

ಕುರುಗೋಡಿನ ಅತ್ತಿಗೆ ಮನಿ ಕಥಿ ಬ್ಯಾರೆ. ಕರೆಂಟ್ ಹೋಗಿ ಬಂದಾಗೊಮ್ಮೆ ಕಂಪ್ಯೂಟರಿನ ತಾರೀಖು ಹತ್ತು ವರ್ಷ ಹಿಂದಕ್ಕ ಹೋಗತಿತ್ತು. ತಾರೀಖು ತಪ್ಪಿದ್ರ ಆಕ್ಟಿವೇಶನ್ ಸರ್ವರಿನ ಕೂಡ ಮಾತುಕತಿ ಆಗಂಗಿಲ್ಲ, ಎಷ್ಟೋ ವೆಬ್‌ಸೈಟ್ ಸೈತ ತೆರೆಯಂಗಿಲ್ಲ. ಮದರ್‌ಬೋರ್ಡ್ ಮ್ಯಾಲಿನ ನಾಣ್ಯದಂಥ ಸೆಲ್ ಹಾಕಿಸಿದ್ರ ಮುಗೀತು. ಅದಕ್ಕೂ ಒಬ್ಬ 'ಹೊಸ ಲೈಸೆನ್ಸ್ ಬೇಕು' ಅಂದಿದ್ದ!

ಬಳ್ಳಾರಿಯಾಗ ಮನ್ಯಾಗ ಜೀನ್ಸ್ ಹೊಲಿಯೋ ಅಕ್ಕಂದಿರು ಬಿಲ್ಲು, ಲೆಕ್ಕಕ್ಕ ಅಸೆಂಬಲ್ ಮಾಡಿಸಿದ ಕಂಪ್ಯೂಟರ್ ಇಟ್ಕೊಂಡಿರತಾರ. ಅದರ ಬೋರ್ಡಿನಾಗ ಯಾವ ಕೀನೂ ಇರಂಗಿಲ್ಲ. ವಿಂಡೋಸ್ ಬೇಕಂದ್ರ ಬ್ಯಾರೆ ಕೊಂಡು, ಬಿಲ್ಲಿನಾಗ ಬರೆಸಿಕೊಳ್ಳಬೇಕು. ಧಂಧೆಗೆ ಬಳಸೋರಿಗೆ ಕಾನೂನೂ ಬಿಗಿ. 1957ರ ಕೃತಿಸ್ವಾಮ್ಯ ಕಾಯ್ದೆ 63ಬಿ ಪ್ರಕಾರ ಗೊತ್ತಿದ್ದೂ ನಕಲಿ ಪ್ರೋಗ್ರಾಮ್ ಬಳಸಿದ್ರ ದಂಡ 50,000ದಿಂದ 2 ಲಕ್ಷ, ಜೈಲೂ ಐತಿ. ಅಷ್ಟು ರೊಕ್ಕ ಈಗ ಇಲ್ಲಂದ್ರ ಉಬುಂಟು, ಲಿಬ್ರೆ ಆಫೀಸ್ ಪುಕ್ಕಟೆ ಅದಾವ, ನ್ಯಾಯವಾಗಿ ಪುಕ್ಕಟೆ. ನೆಟ್ಟಿನಾಗ ನೂರಾರು ರೂಪಾಯಿಗೆ ಮಾರೋ ಕೀ ಮಾತ್ರ ನಂಬಬ್ಯಾಡ್ರಿ, ಇವತ್ತು ಹತ್ತಿದ್ದು ನಾಳೆ ಬಂದ್ ಆಗಬಹುದು.

ಇನ್ನೊಂದು. ವಿಂಡೋಸ್ 10ಕ್ಕ 2025ರ ಅಕ್ಟೋಬರ್ 14ಕ್ಕ ಬೆಂಬಲ ಮುಗೀತು. '11ಕ್ಕ ಹೊಸ ಕೀ ಬೇಕು' ಅಂತ ಯಾರರ ಅಂದ್ರ ಒಪ್ಪಬ್ಯಾಡ್ರಿ. ಮಷೀನ್ 11ಕ್ಕ ತಕ್ಕದ್ದಿದ್ದು, 10 ಸರಿಯಾಗಿ ಆಕ್ಟಿವೇಟ್ ಆಗಿದ್ರ ಅಪ್‌ಗ್ರೇಡ್ ಪುಕ್ಕಟೆ.

ರಿಪೇರಿಗೆ ಕೊಡೂ ಮೊದಲು ಆಕ್ಟಿವೇಶನ್ ಪುಟದ ಫೋಟೋ ಮೊಬೈಲಿನಾಗ ಹೊಡಕೊಳ್ರಿ. ಅಂಗಡಿಯಾಗ ಗಟ್ಟಿಯಾಗಿ ಹೇಳ್ರಿ: "ತಮ್ಮಾ, ಇದರಾಗ ಹೋಮ್ ಸಿಂಗಲ್ ಲಾಂಗ್ವೇಜ್ ಐತಿ, ಅದನ್ನ ಹಾಕು, ಪ್ರೋ ಬ್ಯಾಡ, ಕ್ರ್ಯಾಕ್ ಬ್ಯಾಡ. ಹಾಕಿದ ಕೂಲಿ ಎಷ್ಟಪ್ಪಾ, ಅಷ್ಟು ಕೊಡ್ತೀನಿ." ವಾಪಸ್ ತಗೊಳ್ಳೋವಾಗ ಅದ ಪುಟ ಅವನ ಮುಂದ ತೆಗೆಸಿ ನೋಡ್ರಿ. 'ಆರ್ಗನೈಸೇಶನ್' ಅಂತಿದ್ರ ಅಲ್ಲೇ ಇಟ್ಟು, ಸರಿ ಮಾಡಿ ಕೊಡು ಅನ್ರಿ.