ಕ್ಷಮೆ ಬೇರೆ, ತಂಡದಲ್ಲಿ ಸ್ಥಾನ ಬೇರೆ

ಭಾದ್ರಪದದಲ್ಲಿ ಘಾಟ್ಕೋಪರಿನ ಶ್ವೇತಾಂಬರ ಮನೆಗಳಲ್ಲಿ ‘ಮಿಚ್ಛಾಮಿ ದುಕ್ಕಡಂ’ ಕೇಳಿಬರುತ್ತದೆ. ದಶಲಕ್ಷಣ ಪರ್ವದ ಬಳಿಕ ಕನ್ನಡದ ದಿಗಂಬರ ಮನೆಗಳಲ್ಲಿ ಕ್ಷಮಾವಣಿ. ಹೀಗೆ ಕ್ಷಮೆಯನ್ನೇ ಪರ್ವವಾಗಿ ಆಚರಿಸುವ ಸಮಾಜವು, ಜೊತೆಗಾರನನ್ನು ಹಿಂಸಿಸಿದ ಕ್ರೀಡಾಪಟುವಿಗೆ ಮತ್ತೊಂದು ಅವಕಾಶ ಸಲ್ಲಬೇಕೇ ಎಂಬ ಪ್ರಶ್ನೆಗೆ ಏನೆನ್ನಬೇಕು?

2013ರಲ್ಲಿ ಮುಂಬೈ ಇಂಡಿಯನ್ಸ್ ತಂಡದಲ್ಲಿದ್ದಾಗ, ಕುಡಿದ ಆಟಗಾರನೊಬ್ಬ ಬೆಂಗಳೂರಿನ ಹೋಟೆಲಿನ 15ನೆಯ ಮಹಡಿಯ ಬಾಲ್ಕನಿಯಿಂದ ತಮ್ಮನ್ನು ಹೊರಗೆ ತೂಗಿಹಿಡಿದಿದ್ದನೆಂದು ಯುಜವೇಂದ್ರ ಚಾಹಲ್ 2022ರಲ್ಲಿ ತಿಳಿಸಿದರು. ಅವನ ಹೆಸರನ್ನು ಹೇಳಲಿಲ್ಲ. ಅಂಥವನಿಗೆ ಆಜೀವ ನಿಷೇಧವೇ ತಕ್ಕದ್ದೆಂದರು ರವಿ ಶಾಸ್ತ್ರಿ.

ಆ ಕೋಪ ನ್ಯಾಯವಾದದ್ದು. ಆದರೂ ‘ತತ್ತ್ವಾರ್ಥಸೂತ್ರ’ವು ಮರಳುವ ಬಾಗಿಲನ್ನು ಮುಚ್ಚುವುದಿಲ್ಲ. ಅದು ಹೇಳುವ 9 ಪ್ರಾಯಶ್ಚಿತ್ತಗಳಲ್ಲಿ ಮೊದಲನೆಯದು ಆಲೋಚನಾ, ಅಂದರೆ ಗುರುವಿನೆದುರು ದೋಷವನ್ನು ಮರೆಮಾಚದೆ ನಿವೇದಿಸುವುದು. ಎಂಟನೆಯದು ಪರಿಹಾರ: ಸಂಘದಿಂದ ಕೆಲಕಾಲ ದೂರವಿಡುವುದು. ಕೊನೆಯದು ಉಪಸ್ಥಾಪನಾ: ಮತ್ತೆ ದೀಕ್ಷೆಯಿತ್ತು ಸೇರಿಸಿಕೊಳ್ಳುವುದು.

ನೊಂದವನು ಮನಸ್ಸಿನಲ್ಲೇ ಕ್ಷಮಿಸಬಹುದು. ಅದು ಅವನ ಧರ್ಮ. ತಪ್ಪಿತಸ್ಥನು ತಪ್ಪನ್ನು ಒಪ್ಪಿಕೊಳ್ಳದೆ ಅವನಿಗೆ ಸ್ಥಾನ ನೀಡುವ ಅಧಿಕಾರ ತಂಡಕ್ಕಿಲ್ಲ. ಸಮಾಜದ ವಿದ್ಯಾರ್ಥಿನಿಲಯದಲ್ಲಿ ಕಿರಿಯರನ್ನು ಕಾಡುವ ಹುಡುಗನನ್ನು, ಕಪ್ ಗೆದ್ದು ತರುವನೆಂದು ಹಿರಿಯರು ಕಾಪಾಡಿದರೆ ಅದಕ್ಕೆ ಕ್ಷಮಾವಣಿಯ ಹೆಸರು ಸಲ್ಲದು. ಅವನು ಮೊದಲು ಆ ಕಿರಿಯನ ಮುಂದೆ ನಿಂತು ತಪ್ಪೊಪ್ಪಿಕೊಳ್ಳಲಿ; ಮೈದಾನ ಆಮೇಲೆ.