ವಿದ್ಯಾರ್ಥಿಗಳ ಮಾದಕ ವ್ಯಸನ ಮತ್ತು ಶಾಲೆಗಳ ಹೊಣೆ

ವಿದ್ಯಾರ್ಥಿಯೊಬ್ಬನ ಚೀಲದಲ್ಲಿ ಗುಟಕಾ ಪೊಟ್ಟಣವೋ ಗಾಂಜಾವೋ ಸಿಕ್ಕಿತೆಂದರೆ ಎಷ್ಟೋ ಶಾಲೆಗಳಲ್ಲಿ ಮುಂದೆ ನಡೆಯುವುದೇನೆಂಬುದು ವಾಚಕರಿಗೆ ತಿಳಿದ ಸಂಗತಿಯೇ. ತಂದೆಯನ್ನು ಕರೆಯಿಸಿ, ಹತ್ತು ಜನರೆದುರು ಛೀಮಾರಿ ಹಾಕಿ, ವರ್ಗಾವಣೆ ಪತ್ರವನ್ನು ಕೈಗಿತ್ತು ಕಳುಹಿಸಿಬಿಡುತ್ತಾರೆ. ಶಾಲೆಯ ಹೆಸರು ಉಳಿಯಿತೆಂದು ಆಡಳಿತ ಮಂಡಲಿಯವರು ಸಮಾಧಾನಪಡುತ್ತಾರೆ. ಹುಡುಗನ ಗತಿಯೇನಾಯಿತೆಂದು ಕೇಳುವವರಿಲ್ಲ. ಇದನ್ನು ಶಿಸ್ತೆಂದು ಕರೆಯಲು ನಾವು ಸಿದ್ಧರಿಲ್ಲ.

೧೩ರಿಂದ ೧೫ ವರ್ಷದ ಶಾಲಾ ಮಕ್ಕಳಲ್ಲಿ ನೂರಕ್ಕೆ ೮.೫ ಮಂದಿ ತಂಬಾಕು ಬಳಸುತ್ತಿದ್ದರೆಂದು ೨೦೧೯ರ ಅಖಿಲ ಭಾರತ ಸಮೀಕ್ಷೆಯು ತಿಳಿಸಿತು. ಅದೇ ವರ್ಷ ಪ್ರಕಟವಾದ, ದಿಲ್ಲಿಯ ಏಮ್ಸ್ ಸಂಸ್ಥೆಯವರು ನಡೆಸಿದ ಇನ್ನೊಂದು ಸಮೀಕ್ಷೆಯಂತೆ, ಅಂಟು, ದ್ರಾವಕ ಮೊದಲಾದುವನ್ನು ಮೂಸಿ ಅಮಲೇರಿಸಿಕೊಳ್ಳುವ ಚಟವು ದೊಡ್ಡವರಿಗಿಂತ ಮಕ್ಕಳಲ್ಲಿಯೇ ಅಧಿಕವಾಗಿದೆ. ತಂಬಾಕಿನ ಮಟ್ಟಿಗೆ ಕರ್ನಾಟಕದ ಅಂಕಿ ನೂರಕ್ಕೆ ೧.೨ ಮಾತ್ರವೆಂದು ನಾವು ಹಿಗ್ಗಬೇಕಾಗಿಲ್ಲ. ಇದು ಶಾಲೆಯಲ್ಲಿರುವ ಮಕ್ಕಳನ್ನು ಕೇಳಿ ಪಡೆದ ಲೆಕ್ಕ. ಹೊರದೂಡಲ್ಪಟ್ಟ ಹುಡುಗನು ಈ ಲೆಕ್ಕದಲ್ಲಿ ಸೇರುವುದೇ ಇಲ್ಲ.

ಕಾಯಿದೆಗಳಿಗೇನೂ ಕೊರತೆಯಿಲ್ಲ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರುವುದನ್ನು ೨೦೦೩ರ ಕಾಯಿದೆ ನಿಷೇಧಿಸಿತು. ಮಗುವಿಗೆ ಮದ್ಯ, ತಂಬಾಕು ಇಲ್ಲವೆ ಮಾದಕ ವಸ್ತು ಕೊಟ್ಟವನಿಗೆ ಏಳು ವರ್ಷಗಳವರೆಗೆ ಕಠಿಣ ಸಜೆಯನ್ನು ೨೦೧೫ರ ಬಾಲನ್ಯಾಯ ಕಾಯಿದೆ ವಿಧಿಸಿದೆ. ಕರ್ನಾಟಕವು ೨೦೨೪ರ ತಿದ್ದುಪಡಿಯಿಂದ ತಂಬಾಕು ಕೊಳ್ಳುವ ವಯಸ್ಸನ್ನು ೧೮ರಿಂದ ೨೧ಕ್ಕೆ ಏರಿಸಿತು. ಇವೆಲ್ಲವೂ ಮಾರುವವನ ಕೈ ಹಿಡಿಯಲು ಹುಟ್ಟಿದ ವಿಧಿಗಳು. ಆದರೆ ಅಂಗಡಿಕಾರನು ಶಾಲೆಯ ಮಗ್ಗುಲಲ್ಲಿಯೇ ನಿಶ್ಚಿಂತನಾಗಿರಲು, ಶಿಕ್ಷೆ ಅನುಭವಿಸುವವನು ಹುಡುಗನೊಬ್ಬನೇ! ಇದೆಂತಹ ನ್ಯಾಯ?

ಇನ್ನು ಪ್ರತಿಬಂಧಕೋಪಾಯಗಳ ಮಾತು. ವರ್ಷಕ್ಕೊಂದು ಮೆರವಣಿಗೆ, ಒಂದು ಪ್ರತಿಜ್ಞೆ, ಒಂದು ಭಾಷಣ, ಇಷ್ಟರಿಂದ ಕೆಲಸವಾಗದು. ಅಮೇರಿಕದ ಲಾಸ್ ಏಂಜಲೀಸಿನಲ್ಲಿ ೧೯೮೩ರಲ್ಲಿ ಪೊಲೀಸರಿಂದಲೇ ತರಗತಿಗಳಲ್ಲಿ ಉಪದೇಶ ಮಾಡಿಸುವ 'ಡೇರ್' ಯೋಜನೆ ಆರಂಭವಾಗಿ ದೇಶವನ್ನೆಲ್ಲ ವ್ಯಾಪಿಸಿತು. ಪರೀಕ್ಷಿಸಿ ನೋಡಿದಾಗ ಅದರಿಂದ ಬಾಳಿಕೆಯ ಫಲವೇನೂ ಕಾಣಲಿಲ್ಲ. ಐಸ್ಲೆಂಡಿನವರು ಬೇರೆ ದಾರಿ ಹಿಡಿದರು. ಸಂಜೆಯ ಹೊತ್ತಿಗೆ ಆಟ, ಸಂಗೀತಗಳ ಏರ್ಪಾಡು ಮಾಡಿದರು. ಪಾಲಕರನ್ನು ಶಾಲೆಯೊಡನೆ ಕಟ್ಟಿಹಾಕಿದರು. ರಾತ್ರಿ ಮಕ್ಕಳು ಬೀದಿಯಲ್ಲಿ ಅಲೆಯದಂತೆ ನೋಡಿಕೊಂಡರು. ೧೯೯೮ರಲ್ಲಿ ಹದಿನೈದು ಹದಿನಾರರ ಮಕ್ಕಳಲ್ಲಿ ಹಿಂದಿನ ತಿಂಗಳು ಕುಡಿದು ಮತ್ತರಾದವರು ನೂರಕ್ಕೆ ೪೨ ಇದ್ದರು. ೨೦೧೬ರ ವೇಳೆಗೆ ೫ಕ್ಕೆ ಇಳಿದರು. ಗೆಳೆಯರ ಒತ್ತಾಯಕ್ಕೆ 'ಒಲ್ಲೆ' ಎನ್ನುವ ಧೈರ್ಯವನ್ನು ಅಭ್ಯಾಸದಿಂದ ಕಲಿಸಬಹುದು. ಇಂತಹ ಜೀವನ ಕೌಶಲ್ಯ ಶಿಕ್ಷಣಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೇ ಉಪಾಧ್ಯಾಯರಿಗಾಗಿ ಕೈಪಿಡಿಗಳನ್ನು ಸಿದ್ಧಪಡಿಸಿದೆ. ಅವು ಕಪಾಟಿನಿಂದ ತರಗತಿಗೆ ಬರಬೇಕು.

ಈಗಾಗಲೇ ಚಟಕ್ಕೆ ಸಿಲುಕಿದವನಿಗೆ ಬೇಕಾದುದು ಚಿಕಿತ್ಸೆ. ಅವನ ಮೋರೆ ಬಾಡಿದುದನ್ನೂ ಹಾಜರಿ ತಪ್ಪಿದುದನ್ನೂ ಮೊದಲು ಕಾಣುವವನು ಉಪಾಧ್ಯಾಯನೇ. ಗುಟ್ಟು ಬಿಟ್ಟುಕೊಡದೆ ಮಾತನಾಡಿಸಿ, ಪಾಲಕರನ್ನು ಒಲಿಸಿ, ವೈದ್ಯರಲ್ಲಿಗೆ ಕಳುಹಿಸುವುದು ಅವನಿಂದ ಸಾಧ್ಯ. ೨೦೨೨ರಲ್ಲಿ ತೊಡಗಿದ ಟೆಲಿ-ಮಾನಸ್‌ನ ೧೪೪೧೬ ಸಂಖ್ಯೆಗೆ ದೂರವಾಣಿ ಮಾಡಿದರೆ ಧರ್ಮಾರ್ಥವಾಗಿ ಸಲಹೆ ದೊರೆಯುತ್ತದೆ. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಯನ್ನು ಅಲ್ಪ ಪ್ರಮಾಣದ ಅಪರಾಧಕ್ಕಾಗಿ ಮೊಕದ್ದಮೆಗೆ ಗುರಿಮಾಡಬಾರದೆಂದು ಮಾದಕ ವಸ್ತುಗಳ ಕಾಯಿದೆಯೇ ಹೇಳುತ್ತಿದೆ. ಕಾಯಿದೆ ತೋರುವ ಕನಿಕರವನ್ನು ಗುರುಕುಲವು ತೋರಬಾರದೆ?

ಆದುದರಿಂದ, ವ್ಯಸನವೊಂದರ ಕಾರಣದಿಂದ ಯಾವ ಬಾಲಕನನ್ನೂ ಶಾಲೆಯಿಂದ ತೆಗೆದುಹಾಕಕೂಡದೆಂದು ವಿದ್ಯಾ ಇಲಾಖೆಯವರು ಸ್ಪಷ್ಟವಾದ ಆಜ್ಞೆಯನ್ನು ಹೊರಡಿಸಬೇಕು; ತಾಲೂಕಿಗೆ ಒಬ್ಬರಾದರೂ ತರಬೇತಾದ ಆಪ್ತಸಲಹೆಗಾರರನ್ನು ನೇಮಿಸಬೇಕು; ನೂರು ಗಜದ ವಿಧಿಯನ್ನು ಪೊಲೀಸರು ನಿಜವಾಗಿ ನಡೆಸಬೇಕು. ಅಬಕಾರಿ ಉತ್ಪನ್ನದಿಂದ ಬೊಕ್ಕಸ ತುಂಬಿಕೊಳ್ಳುವ ಸರಕಾರಕ್ಕೆ ಇದರ ವೆಚ್ಚವು ಭಾರವೆನ್ನಲು ಬಾಯಿಲ್ಲ. ಹೊರಗಟ್ಟಿದ ಹುಡುಗನನ್ನು ಬೀದಿಯಲ್ಲಿ ಕಾದುನಿಂತವರು ಯಾರೆಂಬುದನ್ನು ಅಧಿಕಾರಿಗಳೂ ಮಹಾಜನರೂ ಒಮ್ಮೆ ನೆನೆಯಲಿ.